ಬೆನ್ನಿಗೆ ಹಚ್ಚಿದ ಕಾಡಿಗೆ

ಕೃಷ್ಣಮೂರ್ತಿಪುರಂ, ಮೈಸೂರು
ವಿಜಯದಶಮಿಯ ಮರುದಿನ, ೧೯೫೮

ಒಂಟಿಕೊಪ್ಪಲಿನಲ್ಲಿರುವ ನನ್ನ ಮನೆಯವರಿಗೆ, ಅದೇ ಊರಿನ ಇನ್ನೊಂದು ತುದಿಯಿಂದ ಚೂಡಾಮಣಿಯ ನಮಸ್ಕಾರಗಳು.

ಒಂದೇ ಊರಿನಲ್ಲಿದ್ದುಕೊಂಡು ಗಂಡನಿಗೆ ಅಂಚೆಯಲ್ಲಿ ಕಾಗದ ಹಾಕುವವಳು ಮೈಸೂರಿನಲ್ಲಿ ನಾನೊಬ್ಬಳೇ ಇರಬೇಕು. ಜಟಕಾದವನಿಗೆ ಹೇಳಿದರೆ ನಿಮ್ಮ ಬಾಗಿಲಲ್ಲೇ ಇಳಿಸುತ್ತಾನೆ. ಆದರೆ ಇಳಿದ ಮೇಲೆ ಏನು ಹೇಳಲಿ? ನಿಮ್ಮೆದುರು ನಿಂತರೆ ನನಗೆ ಅಳು ಬರುತ್ತದೆ, ನಿಮಗೆ ಕೆಮ್ಮು ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಕಾಗದದಲ್ಲಾದರೆ ನೀವು ಕೆಮ್ಮಿದರೂ ನನಗೆ ಕೇಳಿಸುವುದಿಲ್ಲ.

ಮೊದಲು ಇಲ್ಲಿಯ ಸಮಾಚಾರ. ಮಂಡಿನೋವು ಒಂದು ಬಿಟ್ಟರೆ ಅಮ್ಮ ಚೆನ್ನಾಗಿದ್ದಾಳೆ. ಬೆಳಗಾದರೆ ಅಳಿಯಂದಿರು ಯಾವಾಗ ಬರುತ್ತಾರೆ ಎಂದು ಕೇಳುತ್ತಿದ್ದಳು. ದಸರಾ ಬಾಕ್ಸಿಂಗ್ ಪಂದ್ಯ ಮುಗಿಯಲಿ, ಬರುತ್ತಾರೆ ಎಂದು ನಾನೂ ಅದೇ ಉತ್ತರ ಕೊಡುತ್ತಿದ್ದೆ. ಈಗ ಪಂದ್ಯ ಮುಗಿಯಿತು, ಜಂಬೂಸವಾರಿಯೂ ಮುಗಿಯಿತು, ಗೊಂಬೆಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದ್ದೂ ಆಯಿತು. ಇವತ್ತು ಬೆಳಿಗ್ಗೆ ಅಮ್ಮ ಏನೂ ಕೇಳಲಿಲ್ಲ. ಕಾಫಿ ಲೋಟ ಮುಂದಿಟ್ಟು ಸುಮ್ಮನೆ ನನ್ನ ಮುಖ ನೋಡಿದಳು. ಅದಕ್ಕೇ ಈ ಕಾಗದ.

ನಿಮ್ಮ ಮಹದೇವು ಗೆದ್ದನಂತೆ. ಬೆಂಗಳೂರಿನವನನ್ನು ಎರಡನೆಯ ಸುತ್ತಿನಲ್ಲೇ ಮಲಗಿಸಿಬಿಟ್ಟನಂತೆ. ಪಕ್ಕದ ಮನೆಯ ಪಾರ್ವತಮ್ಮನವರು ನೋಡಿಬಂದು ಹೇಳಿದರು. ಬಹಳ ಸಂತೋಷ. ಅವನ ಬೆನ್ನಿಗೆ ನನ್ನ ಕಡೆಯಿಂದಲೂ ಒಂದು ನಮಸ್ಕಾರ ತಿಳಿಸಿ. ಅವನಿಗೆ ಬೇಡ, ಬೆನ್ನಿಗೆ ತಿಳಿಸಿದರೆ ಸಾಕು.

ನಗಬೇಡಿ. ನನಗೆ ಹೊಟ್ಟೆಕಿಚ್ಚು, ಅದನ್ನು ಬರೆಯುವುದಕ್ಕೆ ನಾಚಿಕೆಯೂ ಇಲ್ಲ. ಬೇರೆ ಹೆಂಗಸರಿಗೆ ಸವತಿಯ ಮೇಲೆ ಇರುತ್ತದೆ, ವಾರಗಿತ್ತಿಯ ಒಡವೆಯ ಮೇಲೆ ಇರುತ್ತದೆ. ನನಗೆ ಒಬ್ಬ ಗಂಡಸಿನ ಬೆನ್ನಿನ ಮೇಲೆ. ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಅಮ್ಮನಿಗೆ ಹೇಳಿದರೆ ಮಗಳಿಗೆ ಜ್ವರ ಬಂದಿದೆಯೆಂದು ಕಷಾಯ ಕಾಸಲು ಎದ್ದುಹೋಗುತ್ತಾಳೆ.

ಇದೆಲ್ಲ ಹೇಗೆ ಶುರುವಾಯಿತೆಂದು ನಿಮಗೆ ಗೊತ್ತು, ಆದರೆ ನಿಮ್ಮ ಕಡೆಯಿಂದ ಗೊತ್ತು. ನನ್ನ ಕಡೆಯಿಂದ ಹೇಗಿತ್ತೆಂದು ಒಂದು ಸಲ ಓದಿ.

ಶಿವರಾತ್ರಿ ಕಳೆದ ಮೇಲೆ ಒಂದು ಸಂಜೆ ನೀವು ಸ್ಕೂಲಿನಿಂದ ಬಂದವರು ಬೂಟು ಬಿಚ್ಚುವುದನ್ನೂ ಮರೆತು ಅಡಿಗೆಮನೆಗೆ ನುಗ್ಗಿದಿರಿ. ಮದುವೆಯ ದಿನವೂ ನಿಮ್ಮ ಮುಖದಲ್ಲಿ ಅಂಥ ಕಳೆ ಇರಲಿಲ್ಲ. ಕುಂಬಾರಕೊಪ್ಪಲಿನ ದಾರಿಯಲ್ಲಿ ಕಬ್ಬಿನ ಗಾಡಿಯೊಂದು ಕಾಲುವೆಯ ಕೆಸರಿನಲ್ಲಿ ಹೂತಿತ್ತಂತೆ. ಗಾಡಿಯವನು ಚಕ್ರಕ್ಕೆ ಹೆಗಲು ಕೊಡದೆ, ಹಗ್ಗ ಕಟ್ಟಿ, ಹಿಂದಕ್ಕೆ ವಾಲಿ ಒಂದೇ ಸಲಕ್ಕೆ ಎಳೆದನಂತೆ. ಅಂಗಿಯಿಲ್ಲದ ಅವನ ಬೆನ್ನು ಕಂಕುಳಿನ ಕೆಳಗೆ ಮೊರದಷ್ಟು ಅಗಲವಾಯಿತಂತೆ. ಅವನೇ ಮಹದೇವು. ಮಾರನೆಯ ದಿನದಿಂದ ಸಂಜೆ ಹೊತ್ತು ಅವನು ನಿಮ್ಮ ಸ್ಕೂಲಿನ ಹಿಂದಿನ ಷೆಡ್ಡಿನಲ್ಲಿ ಬಾಕ್ಸಿಂಗ್ ಕಲಿಯತೊಡಗಿದ.

ನೀವು ಡ್ರಿಲ್ ಮೇಷ್ಟ್ರಾಗುವ ಮೊದಲು ಬಾಕ್ಸಿಂಗ್ ಆಡುತ್ತಿದ್ದವರು, ಮದ್ರಾಸಿನಲ್ಲಿ ಸೋತವರು, ಮಳೆಗಾಲದಲ್ಲಿ ಇವತ್ತಿಗೂ ಬಲಭುಜ ಹಿಡಿದುಕೊಳ್ಳುವವರು ಎಂದೆಲ್ಲ ನನಗೆ ಗೊತ್ತಿತ್ತು. ಯಾಕೆ ಸೋತಿರಿ ಎಂದು ಮಾತ್ರ ಮಹದೇವು ಬಂದ ಮೇಲೆ ಗೊತ್ತಾಯಿತು. ಒಂದು ರಾತ್ರಿ ಊಟಕ್ಕೆ ಕೂತಾಗ ನೀವಾಗಿಯೇ ಹೇಳಿದಿರಿ: "ನಾನು ತೋಳಲ್ಲಿ ಹೊಡೆದೆ ಕಣೇ. ಅವನು ಬೆನ್ನಲ್ಲಿ ಹೊಡೆದ." ಆಮೇಲೆ ಊಟ ಮುಗಿಯುವವರೆಗೆ ಅದೇ ಪಾಠ. ಏಟು ಹಿಮ್ಮಡಿಯಲ್ಲಿ ಹುಟ್ಟುತ್ತದಂತೆ, ಸೊಂಟದಲ್ಲಿ ತಿರುಗುತ್ತದಂತೆ, ಸೊಂಟದ ಬಲವನ್ನು ಭುಜಕ್ಕೆ ಮುಟ್ಟಿಸುವುದು ಬೆನ್ನಿನ ಎರಡು ಮಗ್ಗುಲ ಅಗಲವಾದ ಸ್ನಾಯುವಂತೆ. ಹೊಡೆದ ಕೈಯನ್ನು ಎದುರಾಳಿಗೆ ಸಿಗದ ಹಾಗೆ ವಾಪಸು ಎಳೆಯುವುದೂ ಅದೇ ಅಂತೆ. ಕೈ ಅನ್ನುವುದು ಬರೀ ಪೋಸ್ಟ್‌ಮ್ಯಾನ್, ಕಾಗದ ಬರೆಯುವುದು ಬೆನ್ನು ಎಂದಿರಿ. ನಾನು ಸಾರಿನ ಸೌಟು ಹಿಡಿದು ನಿಂತೇ ಇದ್ದೆ. ಸಾರಿಗೆ ಉಪ್ಪು ಹಾಕಿರಲಿಲ್ಲ. ನಿಮಗೆ ಅದು ತಿಳಿಯಲೇ ಇಲ್ಲ.

ಅದಾದ ಮೇಲೆ ಮನೆಯಲ್ಲಿ ಬೆನ್ನಿನದೇ ಮಾತು. ಹಾಸಿಗೆ ಸುತ್ತುವಾಗ ಬೆನ್ನು, ಸಂತೆಯಿಂದ ತರಕಾರಿ ತರುವಾಗ ಬೆನ್ನು. ಮನೆಗೆಂದು ತಂದ ಎಳ್ಳೆಣ್ಣೆ ಅವನ ಬೆನ್ನಿಗೆ ಹೋಯಿತು. ನನಗೆ ಬೆನ್ನು ಇದೆಯೋ ಇಲ್ಲವೋ ಎಂದು ನೀವು ಒಂದು ದಿನ ವಿಚಾರಿಸಿದವರಲ್ಲ. ಒಂದು ಸಲ ಬೇಕೆಂದೇ ನಡು ಹಿಡಿದುಕೊಂಡು ಅಮ್ಮಾ ಎಂದೆ. ನೀವು ತಲೆಯೆತ್ತದೆ, ಬಗ್ಗುವಾಗ ಮಂಡಿ ಬಗ್ಗಿಸಬೇಕು ಎಂದಿರಿ. ಮಾರನೆಯ ದಿನ ಗೊಜ್ಜಿಗೆ ಎರಡು ಹಿಡಿ ಮೆಣಸಿನಕಾಯಿ ಹಾಕಿದ್ದು ಅದಕ್ಕೇ.

ಇನ್ನು ಕಾಡಿಗೆಯ ವಿಷಯ. ಬೇಸಿಗೆ ರಜೆ ಮುಗಿದು ಸ್ಕೂಲು ತೆರೆದ ಮೇಲೆ ಒಂದು ದಿನ ನಿಮ್ಮ ಅಂಗಿ ಒಗೆಯುವಾಗ ತೋಳಿನ ಅಂಚಿನಲ್ಲಿ ಕಪ್ಪು ಕಲೆ ಕಂಡಿತು. ಶಾಯಿಯಲ್ಲ. ನೀರು ಹಾಕಿದರೆ ಹರಡಿತು, ಸೋಪಿಗೂ ಬಗ್ಗಲಿಲ್ಲ. ಮೂಸಿ ನೋಡಿದೆ, ಹರಳೆಣ್ಣೆ, ಬೆಣ್ಣೆ. ಕಾಡಿಗೆ ಎಂದು ಗೊತ್ತಾದ ಕೂಡಲೇ ಒಗೆಯುವುದನ್ನು ಬಿಟ್ಟು ಕಲ್ಲಿನ ಮೇಲೆ ಕೂತುಬಿಟ್ಟೆ. ನಾನು ಆಗ ಕಾಡಿಗೆ ಹಚ್ಚುವುದನ್ನೇ ಬಿಟ್ಟಿದ್ದೆ, ನೋಡುವವರು ಯಾರು ಎಂದು. ಹಾಗಾದರೆ ಇದು ಯಾರ ಕಣ್ಣಿನದು? ನಿಮ್ಮ ಸ್ಕೂಲಿನಲ್ಲಿ ಕಣ್ಣಿಗೆ ಕಾಡಿಗೆ ತೀಡಿಕೊಂಡು ಬರುವವರು ಪಂಕಜಾ ಟೀಚರ್ ಒಬ್ಬರೇ. ಅವರು ಗಣಿತದಲ್ಲಿ ಗಟ್ಟಿ, ಚೆನ್ನಾಗಿ ಹಾಡುತ್ತಾರೆ ಎಂದು ನೀವೇ ಒಮ್ಮೆ ಹೇಳಿದ್ದಿರಿ. ಆವತ್ತಿನಿಂದ ಅವರ ಗಣಿತ, ಅವರ ಹಾಡು ಎರಡನ್ನೂ ಮನಸ್ಸಿನಲ್ಲೇ ಬೈದೆ.

ತಡೆಯಲಾರದೆ ಒಂದು ಸಂಜೆ ಸ್ಕೂಲಿಗೇ ಬಂದೆ. ನಿಮಗೆ ಇದು ಗೊತ್ತಿಲ್ಲ. ಕೇಳಿದರೆ ಹೇಳಲು ಕೈಯಲ್ಲಿ ಕೊಡೆ ಹಿಡಿದಿದ್ದೆ, ಮಳೆ ಬರುವ ಹಾಗಿದೆ, ಕೊಟ್ಟುಹೋಗಲು ಬಂದೆ ಎಂದು. ಪಂಕಜಾ ಟೀಚರ್ ಗೇಟಿನಲ್ಲೇ ಎದುರಾದರು, ಆಗಲೇ ಮನೆಗೆ ಹೊರಟಿದ್ದರು, ಚೆನ್ನಾಗಿದ್ದೀರಾ ಎಂದು ನಕ್ಕರು. ಷೆಡ್ಡಿನ ಕಿಟಕಿಯಲ್ಲಿ ಇಣುಕಿದೆ. ಮಹದೇವು ಬರಿ ಮೈಯಲ್ಲಿ ನಿಂತಿದ್ದ. ನೀವು ಅವನ ಹಿಂದೆ ಮಂಡಿಯೂರಿ ಕೂತು, ಎಡಗೈಯಲ್ಲಿ ನನ್ನ ಬೆಳ್ಳಿಯ ಕಾಡಿಗೆ ಭರಣಿ ಹಿಡಿದು, ಬಲಗೈ ಬೆರಳಿನಿಂದ ಅವನ ಬೆನ್ನಿನ ಮೇಲೆ ಗೆರೆ ಎಳೆಯುತ್ತಿದ್ದಿರಿ. ಕಂಕುಳಿನಿಂದ ಸೊಂಟದ ಹತ್ತಿರಕ್ಕೆ ಒಂದು, ರೆಕ್ಕೆಮೂಳೆಯ ಸುತ್ತ ಒಂದು. ಅವನು ಏಟು ಹಾಕಿದ ಹಾಗೆಲ್ಲ ಆ ಗೆರೆಗಳು ಚಲಿಸುವುದನ್ನು ಉಸಿರು ಬಿಗಿಹಿಡಿದು ನೋಡುತ್ತಿದ್ದಿರಿ. ಸೀಮೆಸುಣ್ಣ ಬೆವರಿಗೆ ನಿಲ್ಲುವುದಿಲ್ಲ, ಕಾಡಿಗೆಯೇ ಸರಿ ಎಂದು ಅವನಿಗೆ ವಿವರಣೆ ಬೇರೆ.

ಪಂಕಜಾ ಟೀಚರ್ ಆಗಿದ್ದರೇ ವಾಸಿಯಿತ್ತು. ಹೆಂಗಸಾದರೆ ಬಾಗಿಲಿಗೆ ಹೋಗಿ ಕೂಗಾಡಬಹುದು, ಹಿರಿಯರ ಹತ್ತಿರ ಹೇಳಿ ಪಂಚಾಯತಿ ಮಾಡಿಸಬಹುದು. ಬೆನ್ನಿನ ಮೇಲೆ ಯಾವ ದೂರು ಕೊಡಲಿ? ಎಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಕವುಚಿ, ಮಸಿ ಹಿಡಿದು, ಬೆಣ್ಣೆಯಲ್ಲಿ ತೇಯ್ದು ನನ್ನ ಕಣ್ಣಿಗೆಂದು ನಾನು ಮಾಡಿಕೊಂಡ ಕಾಡಿಗೆ ಅದು. ಕೊಡೆ ಬಿಚ್ಚದೆ ಮಳೆಯಲ್ಲಿ ನೆನೆದುಕೊಂಡೇ ಮನೆಗೆ ಬಂದೆ.

ಆಮೇಲೆ ಆಷಾಢದಲ್ಲಿ ಏನೋ ಬದಲಾಯಿತು. ಒಂದು ಸಂಜೆ ನಾನು ಹಿತ್ತಿಲ ಬಾವಿಯಲ್ಲಿ ನೀರು ಸೇದುತ್ತಿದ್ದಾಗ ನೀವು ಕಾಫಿ ಲೋಟ ಹಿಡಿದು ಬಂದು ಒಗೆಯುವ ಕಲ್ಲಿನ ಮೇಲೆ ಕೂತಿರಿ. ಷೆಡ್ಡಿಗೆ ಹೊತ್ತಾಯಿತಲ್ಲ ಎಂದೆ. ಪರವಾಗಿಲ್ಲ, ಇನ್ನೊಂದು ಕೊಡ ಸೇದು ಎಂದಿರಿ. ಮಾರನೆಯ ದಿನವೂ ಬಂದಿರಿ. ಅದರ ಮಾರನೆಯ ದಿನವೂ. ತವರಿನಲ್ಲಿ ನಲ್ಲಿ ನೀರು ಹಿಡಿದು ಬೆಳೆದ ನನಗೆ, ಮದುವೆಯಾದ ಹೊಸದರಲ್ಲಿ ಆ ಹಗ್ಗ ಹಿಡಿದು ಅಂಗೈ ತುಂಬ ಬೊಬ್ಬೆ ಬಂದಿತ್ತು. ಆಗ ಬಂದು ನೋಡದಿದ್ದವರು ಈಗ ನನ್ನ ಹಿಂದೆ ಕೂತು ಕಣ್ಣು ಕೀಳದೆ ನೋಡುತ್ತಿದ್ದೀರಿ ಎಂದು ನನ್ನ ಬೆನ್ನಿಗೇ ಗೊತ್ತಾಗುತ್ತಿತ್ತು.

ನಾನು ಎಷ್ಟು ಹಿಗ್ಗಿದೆ ಎಂದು ನಿಮಗೆ ಹೇಳಿದರೆ ನನಗೇ ಅವಮಾನ, ಆದರೂ ಹೇಳುತ್ತೇನೆ. ಹಂಡೆ ತುಂಬಿದ ಮೇಲೂ ಸೇದಿದೆ. ತೊಟ್ಟಿ ತುಂಬಿದ ಮೇಲೂ ಸೇದಿದೆ. ಬೇಡದ ಕನಕಾಂಬರ ಗಿಡಕ್ಕೂ ನೀರು ಹೊಯ್ದು ಕೊಳೆಸಿದೆ. ಗೌರಿಹಬ್ಬಕ್ಕೆಂದು ಎತ್ತಿಟ್ಟಿದ್ದ ಸೀರೆ ಉಟ್ಟು ಬಾವಿಗೆ ಹೋದೆ. ಇನ್ನೊಂದು ಭರಣಿಯಲ್ಲಿ ಹೊಸದಾಗಿ ಕಾಡಿಗೆ ಮಾಡಿ ನಿಮಗೆ ಸಿಗದ ಹಾಗೆ ಬಚ್ಚಿಟ್ಟು ದಿನಾ ಸಂಜೆ ಕಣ್ಣಿಗೆ ಹಚ್ಚಿಕೊಂಡೆ. ಆದರೆ ನಾಚಿಕೆಯಿಂದ ಒಂದು ದಿನವೂ ನಿಮ್ಮ ಕಡೆ ತಿರುಗಲಿಲ್ಲ. ಕಣ್ಣಿಗೆ ಕಾಡಿಗೆ ತೀಡಿಕೊಂಡು ಗಂಡನಿಗೆ ಬೆನ್ನು ತೋರಿಸಿಕೊಂಡು ನಿಂತ ಪೆದ್ದಿ ನಾನು.

ಗೌರಿಹಬ್ಬಕ್ಕೆ ಎರಡು ದಿನ ಮೊದಲು ಮಹದೇವು ಬಾಳೆಯೆಲೆ ಹೊತ್ತು ಬಂದ. ನೀವು ಮನೆಯಲ್ಲಿರಲಿಲ್ಲ. ಎಲೆ ಇಳಿಸಿ, ಕೈಮುಗಿದು, ಅವನು ಹೇಳಿದ ಮಾತು ಇದು: "ಎಲ್ಲಾ ನಿಮ್ ದಯ ಕಣ್ರಕ್ಕಾವ್ರೇ. ಮೇಷ್ಟ್ರು ದಿನಾ ಯೋಳ್ತಾರೆ, ನಮ್ಮನೇವ್ಳು ಬಾವೀಲಿ ನೀರ್ ಸೇದೋದ ನೋಡಿವ್ನಿ, ಅಂಗೇ ಹೊಡಿ ಮಹದೇವು, ಎಡಗೈ ಎಳ್ಕಂಡ್ರೆ ಬಲಗೈ ತಾನಾಗೇ ಓಯ್ತದೆ ಅಂತ."

ಅಷ್ಟು ಹೇಳಿ ಸುಮ್ಮನಾಗಲಿಲ್ಲ. ಹಿತ್ತಿಲಲ್ಲಿ ನಿಂತು ಮಾಡಿಯೂ ತೋರಿಸಿದ. ನಾನು ಬಾವಿಕಟ್ಟೆಗೆ ಎಡಪಾದ ಒತ್ತಿ ನಿಲ್ಲುವ ಹಾಗೆಯೇ ನಿಂತ. ಕೊಡ ಮೇಲೆ ಬಂದಾಗ ನಾನು ಎಡಗೈಯಲ್ಲಿ ಹಗ್ಗವನ್ನು ಪಕ್ಕೆಗೆ ಎಳೆದು ಹಿಡಿದು, ಬಲಗೈ ಚಾಚಿ ಕೊಡದ ಕಂಠಕ್ಕೆ ಹಾಕುತ್ತೇನಲ್ಲ, ಹಾಗೆಯೇ ಎಡಗೈ ಒಳಗೆ ಬಂತು, ಸೊಂಟ ತಿರುಗಿತು, ಬಲಮುಷ್ಟಿ ಗಾಳಿಯಲ್ಲಿ ಸುಯ್ಯೆಂದು ಹೋಗಿ ವಾಪಸು ಬಂತು. ನಾನು ಕಲಿತದ್ದಕ್ಕೆ ನನ್ನ ಅಂಗೈ ಸುಲಿದಿತ್ತು. ಅವನಿಗೆ ಅದು ಸುಮ್ಮನೆ ಸಿಕ್ಕಿತ್ತು, ನೀವು ಕೊಟ್ಟಿದ್ದಿರಿ. ಅವನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿದೆ. ಪಾಪ, ಅವನ ಮೇಲೆ ಏನೂ ಕೋಪವಿಲ್ಲ. ಅವನು ಹೋದ ಮೇಲೆ ಬಾವಿಕಟ್ಟೆಯ ಮೇಲೆ ಕೂತು ಮುಖ ತೊಳೆದುಕೊಂಡೆ, ಕಾಡಿಗೆ ಪೂರ್ತಿ ಹೋಗುವವರೆಗೆ.

ಗೌರಿಹಬ್ಬಕ್ಕೆ ತವರಿಗೆ ಹೋಗುವುದು ಎಲ್ಲರೂ ಮಾಡುವುದೇ, ಆದ್ದರಿಂದ ನಾನು ಮನೆ ಬಿಟ್ಟುಬಂದದ್ದು ನಿಮಗೆ ಗೊತ್ತಾಗಲೇ ಇಲ್ಲ. ಮರದ ಬಾಗಿನ ಕೊಟ್ಟಾಯಿತು, ಗಣಪತಿಯನ್ನು ಬಿಟ್ಟಾಯಿತು, ನಾನು ಬರಲಿಲ್ಲ. ಅಮ್ಮನಿಗೆ ಮಂಡಿನೋವು ಎಂದು ಬರೆದೆ. ನೀವು ನಂಬಿದಿರಿ. ನಿಮ್ಮಿಂದ ಒಂದೇ ಒಂದು ಕಾರ್ಡು ಬಂತು. ಅತ್ತೆಯವರಿಗೆ ಬಿಸಿನೀರಿನ ಶಾಖ ಕೊಡು, ಇಲ್ಲಿ ಎಲ್ಲ ಕ್ಷೇಮ, ಮಹದೇವುವಿನ ಬೆನ್ನು ಚೆನ್ನಾಗಿದೆ, ಎಂದು ಬರೆದಿದ್ದಿರಿ. ಅಮ್ಮ ಓದಿ, ಪಾಪ ಯಾರಿಗೋ ಬೆನ್ನುನೋವು ಇತ್ತೇನೋ, ವಾಸಿಯಾಯಿತಲ್ಲ, ದೇವರು ದೊಡ್ಡವನು ಎಂದಳು.

ಈಗ ಒಂದು ಸುಳ್ಳನ್ನು ತಿದ್ದಬೇಕು. ಪಂದ್ಯದ ಸುದ್ದಿ ಪಾರ್ವತಮ್ಮನವರು ಹೇಳಿದರು ಎಂದು ಮೇಲೆ ಬರೆದೆನಲ್ಲ, ಪಾರ್ವತಮ್ಮನವರಿಗೆ ಯಾರು ಯಾರನ್ನು ಹೊಡೆದರೆಂಬುದೇ ತಿಳಿಯಲಿಲ್ಲ. ಅವರನ್ನು ಕರೆದುಕೊಂಡು ಹೋದವಳು ನಾನು. ವಸ್ತುಪ್ರದರ್ಶನ ನೋಡೋಣ ಬನ್ನಿ ಎಂದು ಹೊರಡಿಸಿ, ಹೆಂಗಸರ ಸಾಲಿನಲ್ಲಿ ಅವರ ಪಕ್ಕ ಕೂತಿದ್ದೆ. ಅವನು ಸೋಲುವುದನ್ನು ನೋಡಬೇಕೆಂದು ಬಂದಿದ್ದೆ. ಅವನು ಸೋತರೆ ನಿಮ್ಮ ಆ ಹುಚ್ಚು ಇಳಿಯುತ್ತದೆ, ಮನೆಯಲ್ಲಿ ಒಬ್ಬಳು ಹೆಂಡತಿ ಇದ್ದಳಲ್ಲ ಎಂದು ನೆನಪಾಗುತ್ತದೆ ಎಂದುಕೊಂಡಿದ್ದೆ.

ಬೆಂಗಳೂರಿನವನ ತೋಳು ನಿಮ್ಮ ಮಹದೇವುವಿನ ತೊಡೆಯಷ್ಟಿತ್ತು. ಮೊದಲ ಸುತ್ತಿನಲ್ಲಿ ಮಹದೇವು ಹೆದರಿ ಬರೀ ಕೈಯಲ್ಲಿ ಹೊಡೆದ, ಹೊಡೆದ ಕೈ ಎಳೆದುಕೊಳ್ಳುವುದನ್ನು ಮರೆತು ಮೂಗಿಗೆ ತಿಂದ. ನನಗೆ ಅದು ಕಾಣುತ್ತಿತ್ತು. ಸುತ್ತಿನ ನಡುವೆ ನೀವು ಅವನ ಬಾಯಿಗೆ ನೀರು ಹಿಡಿದು ಕಿವಿಯಲ್ಲಿ ಏನೋ ಹೇಳಿದಿರಿ. ಏನು ಹೇಳಿದಿರೆಂದು ನನಗೆ ಗೊತ್ತು. ಎದ್ದು ಬಂದವನು ಎಡಪಾದ ಒತ್ತಿ ನಿಂತ ರೀತಿಯಲ್ಲೇ ಗೊತ್ತಾಯಿತು. ಸೋಲಲಿ ಎಂದು ಬಂದಿದ್ದವಳು ಮನಸ್ಸಿನಲ್ಲೇ ಎಳಿ, ಎಡಗೈ ಎಳಿ ಎನ್ನತೊಡಗಿದೆ. ಅವನು ಎಳೆದ. ಬಲಗೈ ಹೋಯಿತು. ಬೆಂಗಳೂರಿನವನು ಕೂತ ಹಾಗೆ ಕುಸಿದ, ಆಮೇಲೆ ಪಕ್ಕಕ್ಕೆ ಮಲಗಿದ.

ನಾನು ಎದ್ದು ನಿಂತಿದ್ದೆ. ನನ್ನ ಎರಡು ಅಂಗೈಯೂ ಹಗ್ಗ ಹಿಡಿದ ಹಾಗೆ ಮುಚ್ಚಿಕೊಂಡಿದ್ದವು. ಪಾರ್ವತಮ್ಮನವರು ಸೆರಗು ಹಿಡಿದು ಎಳೆದರು: "ಕೂತ್ಕೊಳೇ ಚೂಡಾ, ನೀನೇ ಹೊಡ್ದವ್ಳ ಹಂಗೆ ನಿಂತಿದ್ದೀಯಲ್ಲ." ಕೂತುಕೊಂಡೆ.

ಆಮೇಲೆ ಹಾರ ಬಂತು, ಫೋಟೋ ಹಿಡಿಯುವವರು ಬಂದರು. ನೀವು ಮಹದೇವುವನ್ನು ತಬ್ಬಿಕೊಂಡು ಅವನ ಬೆನ್ನು ತಟ್ಟಿದಿರಿ. ತಟ್ಟಿದಿರಿ, ತಟ್ಟುತ್ತಲೇ ಇದ್ದಿರಿ. ಅದರಲ್ಲಿ ಒಂದು ತಟ್ಟು ನನಗೆ ಬರಬೇಕಾದದ್ದು. ನನ್ನ ಹೊಟ್ಟೆ ಎಷ್ಟು ಉರಿಯಿತೆಂದರೆ ಪಾರ್ವತಮ್ಮನವರು ಕೊಡಿಸಿದ ಸೋಡಾ ಕೂಡ ಇಳಿಯಲಿಲ್ಲ. ಅಷ್ಟರಲ್ಲಿ ನೀವು ತಲೆಯೆತ್ತಿ ಹೆಂಗಸರ ಸಾಲಿನ ಕಡೆ ನೋಡಿದಿರಿ. ಈ ತುದಿಯಿಂದ ಆ ತುದಿಯವರೆಗೆ ನೋಡಿದಿರಿ. ನಾನು ಪಾರ್ವತಮ್ಮನವರ ಹಿಂದೆ ಬಗ್ಗಿಬಿಟ್ಟೆ. ಯಾರನ್ನು ಹುಡುಕಿದಿರೋ ನನಗೆ ಗೊತ್ತಿಲ್ಲ. ಆವತ್ತಿನಿಂದ ಅದೊಂದೇ ಯೋಚನೆ.

ಆದ್ದರಿಂದ ಒಂದೇ ಪ್ರಶ್ನೆ ಕೇಳುತ್ತೇನೆ. ಆಷಾಢದ ಸಂಜೆಗಳಲ್ಲಿ ಒಗೆಯುವ ಕಲ್ಲಿನ ಮೇಲೆ ಕೂತು ನೋಡುತ್ತಿದ್ದಿರಲ್ಲ, ನೋಡಿದ್ದು ನನ್ನನ್ನೋ, ನನ್ನ ಬೆನ್ನಿನ ಸ್ನಾಯುವನ್ನೋ? ಸ್ನಾಯುವನ್ನೇ ಆದರೆ ಹಾಗೆಂದು ಒಂದು ಕಾರ್ಡು ಬರೆಯಿರಿ, ನಾನು ಜಗಳವಾಡುವುದಿಲ್ಲ. ಮಹದೇವು ಅದನ್ನು ಪೂರ್ತಿ ಕಲಿತಾಗಿದೆ, ಇನ್ನು ನಾನು ಆ ಮನೆಗೆ ಬರುವ ಅಗತ್ಯವಿಲ್ಲ. ಅಮ್ಮನ ಜೊತೆ ಇಲ್ಲೇ ಇರುತ್ತೇನೆ, ಹೊಲಿಗೆ ಕ್ಲಾಸಿಗೆ ಸೇರಿಕೊಳ್ಳುತ್ತೇನೆ. ನನ್ನನ್ನೇ ಆದರೆ ಕಾರ್ಡು ಬರೆಯಬೇಡಿ. ನೀವು ಬರೆಯಲು ಕೂತರೆ ಅದರಲ್ಲಿ ಮತ್ತೆ ಬೆನ್ನೇ ಬರುತ್ತದೆ. ನೀವೇ ಬನ್ನಿ.

ಬಲಭುಜಕ್ಕೆ ಎಣ್ಣೆ ಹಚ್ಚಿಕೊಳ್ಳಿ, ಚಳಿ ಶುರುವಾಗುತ್ತಿದೆ. ಎಲ್ಲವನ್ನೂ ಮಹದೇವುವಿಗೇ ಸುರಿಯಬೇಡಿ.

ಇಂತಿ,
ಸಿಟ್ಟು ಇಳಿಯದಿದ್ದರೂ ನಿಮ್ಮವಳೇ ಆದ
ಚೂಡಾಮಣಿ

ಮರೆತದ್ದು: ಇಲ್ಲಿ ನಲ್ಲಿ ಇರುವುದರಿಂದ ನೀರು ಸೇದದೆ ನನ್ನ ಬೆನ್ನು ಹಿಡಿದುಕೊಂಡಿತ್ತು. ಈಗ ಸಂಜೆ ಹೊತ್ತು ಪಾರ್ವತಮ್ಮನವರ ಹಿತ್ತಿಲ ಬಾವಿಯಲ್ಲಿ ಸೇದುತ್ತೇನೆ, ಅವರಿಗೂ ಅನುಕೂಲ. ಓಣಿಯ ಕಡೆಯಿಂದ ಬಂದರೆ ಮೋಟುಗೋಡೆಯ ಹತ್ತಿರ ಕೂತು ಯಾರಿಗೂ ಕಾಣದ ಹಾಗೆ ನೋಡಬಹುದು. ಆ ದಾರಿಯಲ್ಲಿ ಬರಬೇಡಿ. ಮುಂಬಾಗಿಲಿನಿಂದ ಬಂದು, ಬಾವಿ ಸುತ್ತಿಕೊಂಡು, ನನ್ನ ಎದುರು ನಿಲ್ಲಿ. ಅಮ್ಮನ ದೀಪದಲ್ಲಿ ಹೊಸ ಕಾಡಿಗೆ ಹಿಡಿದಿದ್ದೇನೆ. ಹಿಂದಿನಿಂದ ನೋಡಿದರೆ ಅದು ಕಾಣುವುದಿಲ್ಲ.